ಕೆಂಪು ಚಡ್ಡಿಯವನಿಗೆ ಪ್ರಸಾದ

ಹುಲೇಕಲ್ಲಿನ ನಮ್ಮನೆಗೆ ಕೇಬಲ್ ಬಂದ ಮೇಲೆ, ಭಾನುವಾರ ಟಿವಿಯಲ್ಲಿ ಬರುವ ಗುದ್ದಾಟದಲ್ಲಿ ಯಾರು ಗೆಲ್ಲುತ್ತಾರೆಂದು ನಾನು ಹೇಳಿದ್ದೆಲ್ಲ ತಪ್ಪುತ್ತಿತ್ತು. ತಂಗಿ ಹೇಳಿದ್ದು ಮಾತ್ರ ಪ್ರತಿ ವಾರ ನಿಜವಾಗುತ್ತಿತ್ತು. ಹೊಟ್ಟೆ ಉರಿದು ಅಜ್ಜಿಗೆ ದುಂಬಾಲು ಬಿದ್ದೆ. ಮದುವೆ ಸಂಬಂಧಕ್ಕೆ, ಕಳೆದುಹೋದ ಎಮ್ಮೆಗೆ ದೇವರ ತಲೆ ಮೇಲೆ ಹೂವಿಟ್ಟು ಪ್ರಸಾದ ಕೇಳುವ ಅಜ್ಜಿ, ಅವತ್ತು ನಾನು ಆರಿಸಿದ ಕೆಂಪು ಚಡ್ಡಿಯ ಗುದ್ದಾಟಗಾರನಿಗಾಗಿ ಕೇಳಿದಳು. ಬಲಗಡೆಯ ಹೂವು ಬಿತ್ತು. ಅಂದರೆ ಗೆಲುವು ಖಂಡಿತ! ಮೀಸೆಯಿಲ್ಲದಿದ್ದರೂ ತಂಗಿಯೆದುರು ಮೀಸೆ ತಿರುವಿದೆ.

ಕೆಂಪು ಚಡ್ಡಿಯವ ಎರಡೇ ಗುದ್ದಿಗೆ ಅಂಗಾತ ಬಿದ್ದ.

"ನಿನ್ನ ದೇವ್ರಿಗೆ ಎಂತ ಗೊತ್ತಿದ್ದು?" ಎಂದು ಅಜ್ಜಿಯ ಮೇಲೆ ಕೂಗಾಡಿದೆ.

ಅಜ್ಜಿ ಬತ್ತಿ ಹೊಸೆಯುತ್ತಲೇ, "ದೇವ್ರು ಸುಳ್ಳು ಹೇಳ್ತ್ನಿಲ್ಲೆ ತಮಾ. ಬುಧವಾರ ಇದನ್ನೇ ತಿರುಗಿ ತೋರಸ್ತ್ವಲಾ, ಆವಾಗ ಗೆಲ್ತ ನೋಡು" ಎಂದಳು.

ತಲೆ ಚಚ್ಚಿಕೊಂಡೆ. ಬುಧವಾರ ಎಲ್ಲರಿಗಿಂತ ಮೊದಲು ಟಿವಿ ಮುಂದೆ ಕೂತವನೂ ನಾನೇ.