ಬೆಲ್ಲದ ಪಾಠ

ವಿಜಯಪುರದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದ ಮುನಿಲಕ್ಷ್ಮಮ್ಮನಿಗೆ ಬೈರಿ ಒಬ್ಬಳೇ ಮಗಳು. ವಯಸ್ಸು ಏಳಾದರೂ ಮಾತಿಲ್ಲ, ಯಾರ ಮುಖವನ್ನೂ ನೋಡುವುದಿಲ್ಲ. ಅಮ್ಮನ ಚರಕ ತಿರುಗಿದರೆ ಕೈ ಬಡಿದು ಗುಂಯ್‌ಗುಟ್ಟುತ್ತಾಳೆ, ನಿಂತರೆ ಕೇರಿಯೆಲ್ಲ ಕೇಳುವಂತೆ ಕಿರುಚುತ್ತಾಳೆ. ತಾಯತ ಕಟ್ಟಿಸಿದ್ದಾಯಿತು, ಹರಕೆ ಹೊತ್ತದ್ದಾಯಿತು. ದೆವ್ವ ಮೆಟ್ಟಿದೆ ಅಂದವರೇ ಹೆಚ್ಚು. ಊರ ಬಾಯಿಗೆ ಮುಚ್ಚಳ ಉಂಟೇ?

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಬೆಂಗಳೂರಿನ ಡಾಕ್ಟರೊಬ್ಬರು ದಾರಿ ಹೇಳಿದರು. ಕಿರುಚಿದರೆ ತಿರುಗಿಯೂ ನೋಡಬೇಡಿ; ಕೈಕಟ್ಟಿ ಕೂತು ಮುಖ ನೋಡಿದರೆ ಮಾತ್ರ ಬಾಯಿಗೆ ಬೆಲ್ಲ ಹಾಕಿ.

"ಹಂಗೇ ಮಾಡು. ಇಲ್ಲಾಂದ್ರೆ ಯಾವ್ದಾದ್ರೂ ಆಶ್ರಮಕ್ಕೆ ಬಿಟ್ಬರ್ತೀನಿ" ಎಂದ ಗಂಡ ಕೊಂಡಪ್ಪ.

ಹೇಳುವವರಿಗೇನು? ಅಳುವ ಮಗುವಿಗೆ ಬೆನ್ನು ಮಾಡಿ ಕೂರುವವಳ ಸಂಕಟ ಅವರಿಗೆಲ್ಲಿ ಗೊತ್ತು! ಆದರೂ ಪಾಠ ಹತ್ತಿತು. ಬೈರಿ ಕಿರುಚುವುದು ಬಿಟ್ಟು ಕೈಕಟ್ಟಿ ಕೂರಲು ಕಲಿತಳು, ತಾನೇ ತಟ್ಟೆಗೆ ಕೈಹಾಕಿ ಉಂಡಳು. ಆದರೆ ಚರಕದ ಜೊತೆಗಿನ ಆ ಗುಂಯ್‌ಕಾರ ನಿಂತೇಹೋಯಿತು.

"ಇದೇನು ಮಗಾನೋ, ಕೋಲೆ ಬಸವಾನೋ?" ಎಂದು ಅತ್ತೆ ಪಾಪಮ್ಮ ಸಿಡುಕಿದಳು. "ಕಿರ್ಚೋದೇ ಅದ್ರ ಮಾತು ಕಣಮ್ಮಿ. ಅದನ್ನೂ ಕಿತ್ಕೊಂಡ್ರೆ ಹೆಂಗೆ?"

"ನಾನು ಕಣ್ಮುಚ್ಚಿದ್ಮೇಲೆ ಯಾರು ನೋಡ್ತಾರತ್ತೆ ಇವಳನ್ನ?"

ಅತ್ತ ದರಿ, ಇತ್ತ ಪುಲಿ. ಮುನಿಲಕ್ಷ್ಮಮ್ಮ ಸೆರಗಿನ ತುದಿಯಲ್ಲಿ ಬೆಲ್ಲ ಕಟ್ಟಿಕೊಂಡೇ ಓಡಾಡಿದಳು.

ಒಂದು ಮಧ್ಯಾಹ್ನ ಅವಳು ಚರಕದ ಮುಂದೆ ಕೂತಿದ್ದಳು. ಹಿಂದೆ ಒಲೆಯ ಮೇಲಿನ ಬಾಣಲೆಯಲ್ಲಿ ರೇಷ್ಮೆಗೂಡು ಕುದಿಯುತ್ತಿತ್ತು. ಬೈರಿಯ ಕಡೆಯಿಂದ ಸಣ್ಣಗೆ "ಊಂ" ಎಂದು ಕೇಳಿತು. ತಿರುಗಬಾರದು, ತಿರುಗಿದರೆ ಇಷ್ಟು ದಿನದ ಪಾಡೆಲ್ಲ ನೀರುಪಾಲು ಎಂದು ಹಲ್ಲು ಕಚ್ಚಿ ಚರಕ ತಿರುಗಿಸಿದಳು. ಸದ್ದು ನಿಂತಿತು. ನನ್ನ ಬಂಗಾರ, ಎಷ್ಟು ಬೇಗ ಸುಮ್ಮನಾದಳು ಎಂದು ಹಿಗ್ಗಿ, ಸೆರಗಿನ ಗಂಟು ಬಿಚ್ಚುತ್ತ ತಿರುಗಿದಳು.

ಬಾಣಲೆಯ ಪಕ್ಕ ಬೈರಿ ಕೈಕಟ್ಟಿ ಕೂತಿದ್ದಳು. ಬಲಗೈ ಮೊಣಕೈವರೆಗೂ ಬೆಂದು ಬೊಬ್ಬೆಯೆದ್ದಿತ್ತು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಗಂಟಲಿನಿಂದ ಸದ್ದಿಲ್ಲ.

"ಕಿರ್ಚೇ ನನ್ನವ್ವಾ! ಒಂದ್ಸಲ ಕಿರ್ಚೇ!" ಎಂದು ಮುನಿಲಕ್ಷ್ಮಮ್ಮ ಎದೆ ಎದೆ ಬಡಿದುಕೊಂಡಳು.

ಬೈರಿ ಕಣ್ಣು ಕದಲಿಸದೆ ಅಮ್ಮನ ಮುಖವನ್ನೇ ನೋಡಿದಳು. ಆಮೇಲೆ ಬೆಲ್ಲಕ್ಕೆಂದು ಬಾಯಿ ತೆರೆದಳು.