ಮೂಲೆ ಹರಿದ ಪೋಸ್ಟ್ ಕಾರ್ಡು

ನಾನು ಚಿಕ್ಕವನಿದ್ದಾಗ ಯಲಬುರ್ಗಾ ಕಡೆಯ ನಮ್ಮ ಊರಿನಲ್ಲಿ 'ಪೋಸ್ಟ್' ಎಂಬ ಮಾತು ಜನರ ಬಾಯಲ್ಲಿರಲಿಲ್ಲ. ನಾವು ಟಪಾಲು ಎನ್ನುತ್ತಿದ್ದೆವು. ವಾರಕ್ಕೊಮ್ಮೆ ಟಪಾಲಿನವನು ನಡೆದು ಬಂದು ಚಾವಡಿಯ ಕಟ್ಟೆಯ ಮೇಲೆ ಚೀಲ ಬಿಚ್ಚುತ್ತಿದ್ದ. ಅದರಿಂದ ಅರಗು, ಬೆವರು ಕೂಡಿದ ವಾಸನೆ ಬರುತ್ತಿತ್ತು.

ಭಾವ ಸೊಲ್ಲಾಪುರದ ಗಿರಣಿಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಜನ ಸಾಯುವಂಥ ಬೇನೆ ಬಿದ್ದಿದೆ ಎಂಬ ಸುದ್ದಿ ಹಬ್ಬಿತ್ತು. ತವರಿನಲ್ಲಿದ್ದ ಅಕ್ಕ ಎರಡು ತಿಂಗಳಿಂದ ಅವನ ಕಾಗದದ ದಾರಿ ಕಾಯುತ್ತಿದ್ದಳು.

ಒಂದು ದಿನ ಅವನ ಕಾರ್ಡು ನನ್ನ ಕೈಗೇ ಬಂತು. ಮೂಲೆಯಲ್ಲಿ ಇಂಗ್ರೇಜಿ ರಾಜನ ತಲೆ ಅಚ್ಚಾಗಿತ್ತು. ಸೊಲ್ಲಾಪುರ ಆಗ ಇಂಗ್ರೇಜರದು, ನಮ್ಮೂರು ನಿಜಾಮರದು; ನಮ್ಮ ಟಪಾಲಿನ ಮೇಲೆ ಅಂಥ ತಲೆ ಕಂಡವನಲ್ಲ ನಾನು. ಆಸೆ ತಡೆಯಲಿಲ್ಲ. ಆ ಮೂಲೆಯನ್ನು ಹರಿದು ಜೇಬಿಗಿಳಿಸಿ, ಉಳಿದದ್ದನ್ನು ಅಪ್ಪನಿಗೆ ಕೊಟ್ಟೆ.

ಮೂಲೆ ಹರಿದ ಕಾರ್ಡು ಎಂದರೆ ಸಾವಿನ ಸುದ್ದಿ, ಅದನ್ನು ಮನೆಯೊಳಗೆ ತರಬಾರದು ಎಂಬುದು ನಮ್ಮ ಕಡೆಯ ರೂಢಿ. ನನಗದು ಗೊತ್ತಿರಲಿಲ್ಲ. ಅಪ್ಪನಿಗೂ ನನಗೂ ಓದು ಬರುತ್ತಿರಲಿಲ್ಲ. ಮೂಲೆ ನೋಡಿದ್ದೇ ಅಪ್ಪ ಕಾರ್ಡನ್ನು ಅಂಗಳದಲ್ಲಿ ಬಿಟ್ಟು ಕುಸಿದು ಕೂತ. ಅಕ್ಕ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಓಣಿಯ ಹೆಂಗಸರು ಸೇರಿ ಅಳತೊಡಗಿದರು. ಒಬ್ಬ ಮುದುಕಿ ಬಳೆ ಒಡೆಯಲು ಅಕ್ಕನ ಕೈ ಹಿಡಿದಳು.

"ಬ್ಯಾಡ್ರಿ, ಮೂಲಿ ನಾನ ಹರದೀನ್ರಿ," ಎಂದೆ. ಜೇಬಿನ ತುಂಡು ತೆಗೆದು ತೋರಿಸಿದೆ.

ಶಾಲೆಯ ಮಾಸ್ತರರನ್ನು ಕರೆಸಿದರು. ಅವರು ಓದಿದರು: ಭಾವ ಆರಾಮಾಗಿದ್ದಾನೆ, ಜೋಳದ ರಾಶಿಯ ಹೊತ್ತಿಗೆ ಬರುತ್ತಾನೆ. ಅಕ್ಕ ಆಗ ಅತ್ತಳು. ಅಲ್ಲಿಯವರೆಗೆ ಅವಳಿಗೆ ಅಳುವೇ ಬಂದಿರಲಿಲ್ಲ. ಅಪ್ಪ ನನಗೆ ಬಾರಿಸಲು ಎದ್ದ.

"ತಡೀರಿ," ಎಂದರು ಮಾಸ್ತರರು. ನನ್ನ ಕಡೆ ತಿರುಗಿದರು. "ಟಪಾಲಿಗೆ ಇಂಗ್ರೇಜಿಯೊಳಗ ಪೋಸ್ಟ್ ಅಂತಾರ. ಅಂದ್ರ, ಒಂದ ಜಾಗಾದಾಗ ನಿಲ್ಲಿಸಿದ್ದು ಅಂತ ಮೂಲ ಅರ್ಥ. ಹಿಂದಕ ರಾಜರು ದಾರಿ ಉದ್ದಕ್ಕೂ ಅಲ್ಲಲ್ಲಿ ಆಳು, ಕುದುರಿ ನಿಲ್ಲಸ್ತಿದ್ರು. ಕಾಗದ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗತಿತ್ತು. ಇವತ್ತ ಕಡೀ ಆಳು ನೀನಾಗಿದ್ದಿ, ತಿಳೀತ?"

ಅಪ್ಪ ಇದನ್ನೆಲ್ಲ ಸಮಾಧಾನವಾಗಿ ಕೇಳಿಸಿಕೊಂಡು, ಆಮೇಲೆ ಬಾರಿಸಿದ.

ಮಕ್ಕಳೇ, ನೀವೀಗ ದಿನಕ್ಕೆ ಹತ್ತು ಸಲ 'ಪೋಸ್ಟ್ ಮಾಡಿದೆ' ಎನ್ನುತ್ತೀರಿ. ಬೆರಳು ತಾಗಿಸಿದರೆ ಸುದ್ದಿ ಮುಟ್ಟುತ್ತದೆ, ನಡುವೆ ಯಾರೂ ನಿಂತಿರುವುದಿಲ್ಲ. ಒಳ್ಳೆಯದೇ. ಅಂದು ಸೊಲ್ಲಾಪುರದಿಂದ ನಮ್ಮ ಚಾವಡಿಯವರೆಗೆ ಆ ಕಾರ್ಡನ್ನು ಗುರುತು ಪರಿಚಯವಿಲ್ಲದ ಎಷ್ಟೋ ಕೈಗಳು ಜೋಪಾನವಾಗಿ ತಂದಿದ್ದವು. ಕೆಡಿಸಿದ ಕೈ ಮಾತ್ರ ಅಕ್ಕನ ಒಡಹುಟ್ಟಿದ ತಮ್ಮನದು.