ಕಾಕಾನ ಹೆಸರು ರೌಡಿ ಪಟ್ಟಿಯಿಂದ ತೆಗೆಸಿದ್ದು

ಮೊನ್ನೆ ಆಳಂದದ ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಪೆನ್ನು ಕೊಳ್ಳಲು ಹೋಗಿದ್ದೆ. ಅಂಗಡಿಯವರು ಮಕ್ಕಳು ಬರೆಯುವ ಪಾಟಿಗಳ ಕಟ್ಟು ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಒಂದೊಂದನ್ನೇ ಒರೆಸುತ್ತಿದ್ದರು. ಒದ್ದೆ ಪಾಟಿಯ ವಾಸನೆ ನಿಮಗೂ ಗೊತ್ತು. ನಿಮಗದು ಒಂದನೇ ಇಯತ್ತೆಯನ್ನೋ, ಉಗುಳು ಹಚ್ಚಿ ಒರೆಸಿದ್ದಕ್ಕೆ ಅಕ್ಕೋರು ಕೊಟ್ಟ ಏಟನ್ನೋ ನೆನಪಿಸಬಹುದು. ನನಗದು ನೆನಪಿಸಿದ್ದು ಪೊಲೀಸ್ ಠಾಣೆಯನ್ನು. ಪೆನ್ನು ಕೊಳ್ಳದೆ ಹೊರಗೆ ಬಂದೆ. ಯಾಕೆಂದರೆ ನಮ್ಮ ಕಾಕಾನ ಎದೆಯ ಮೇಲೆ ಪೊಲೀಸರು ಇಂಥದೇ ಪಾಟಿ ಹಿಡಿಸಿ, ಅದರ ಮೇಲೆ ಅವನ ಹೆಸರು ಬರೆದು ಫೋಟೋ ತೆಗೆಯುತ್ತಿದ್ದರು. ಹಬ್ಬ ಬಂದರೆ ಒಂದು ಸಲ, ಚುನಾವಣೆ ಬಂದರೆ ಇನ್ನೊಂದು ಸಲ.

ಕಾಕಾ ಅಂದರೆ ನಮ್ಮಪ್ಪನ ತಮ್ಮ, ಶಿವಶರಣಪ್ಪ. ಊರು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ದಂಡೆಗೆ. ಊರ ಹೆಸರು ಬೇಡ, ಠಾಣೆಯ ಹೆಸರೂ ಬೇಡ. ನನಗೆ ಜಗಳ ಬೇಕಾಗಿರುವುದು ಒಂದು ಠಾಣೆಯ ಜೊತೆಗಲ್ಲ. ಕಾಕಾ ಎಂಥವನು ಎಂದು ಮಾತ್ರ ಹೇಳುತ್ತೇನೆ. ಎತ್ತುಗಳಿಗೂ ‘ನಡೀರಿ, ನಿಂದರ್‍ರಿ’ ಎಂದು ಬಹುವಚನ ಹಚ್ಚುವವನು. ಮನೆಯೊಳಗೆ ಚೇಳು ಬಂದರೆ ಅವನ ಹೆಂಡತಿ, ನಮ್ಮ ಚಿಗವ್ವನೇ ಹೊಡೆಯಬೇಕು. ಕಾಕಾ ಮಂಚದ ಮೇಲೆ ಕಾಲು ಮಡಚಿ ಕೂತು, ಅದು ಎತ್ತ ಹೊರಟಿತು ಎಂದು ದಿಕ್ಕು ತೋರಿಸುತ್ತಿದ್ದ. ಈ ಮನುಷ್ಯ ಸರ್ಕಾರದ ಕಡತದಲ್ಲಿ ರೌಡಿ.

ಅವನ ಗುನ್ಹೆ ಇಷ್ಟೇ. ಅವನಿಗಿನ್ನೂ ಮೀಸೆ ಕಪ್ಪಗಿದ್ದ ಕಾಲದಲ್ಲಿ ನದಿಯಿಂದ ಉಸುಕು ತುಂಬಿದ ಲಾರಿಗಳು ಊರ ನಡುವೆಯೇ ಓಡುತ್ತಿದ್ದವು. ಕುಡಿಯುವ ನೀರಿನ ಪೈಪು ಒಡೆಯಿತು, ಮಕ್ಕಳ ಸಾಲಿಯ ಗೋಡೆ ಬಿರುಕು ಬಿಟ್ಟಿತು. ಬರೆದ ಅರ್ಜಿಗಳಿಗೆ ಉತ್ತರ ಬರಲಿಲ್ಲ. ಕಡೆಗೆ ಕಾಕಾ ಊರವರನ್ನು ಕಟ್ಟಿಕೊಂಡು ಹೋಗಿ ದಾರಿಗೆ ಅಡ್ಡ ಕೂತ. ಲಾರಿಗಳ ಮಾಲೀಕ ದೊಡ್ಡ ಕುಳ. ಕಾಕಾ ತನ್ನನ್ನು ಹೊಡೆದ, ಜೀವದ ಬೆದರಿಕೆ ಹಾಕಿದ ಎಂದು ದೂರು ಬರೆಸಿದ. ಕೇಸು ವರ್ಷಗಟ್ಟಲೆ ನಡೆಯಿತು. ಹೊಡೆಸಿಕೊಂಡವನು ಮಾತ್ರ ಸಾಕ್ಷಿ ಹೇಳಲು ಒಂದು ದಿನವೂ ಕೋರ್ಟಿಗೆ ಬರಲಿಲ್ಲ. ಕಾಕಾ ಖುಲಾಸೆಯಾದ. ಚಿಗವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು.

ಸಕ್ಕರೆ ಹಂಚಿದ್ದು ಅವಸರವಾಯಿತು. ಕೇಸು ನಡೆದಾಗಲೇ ಠಾಣೆಯವರು ಅವನ ಹೆಸರನ್ನು ರೌಡಿ ಪಟ್ಟಿಗೆ ಏರಿಸಿದ್ದರು. ಇಳಿಸುವುದು ಯಾರ ಕೆಲಸವೂ ಆಗಿರಲಿಲ್ಲ. ಅಲ್ಲಿಂದ ಶುರುವಾಯಿತು ಪರೇಡು. ಠಾಣೆಯ ಬಯಲಲ್ಲಿ ಸಾಲಾಗಿ ನಿಲ್ಲಬೇಕು, ತಲೆಯ ರುಮಾಲು ತೆಗೆಯಬೇಕು, ಮಗನ ವಯಸ್ಸಿನ ಸಾಹೇಬನಿಂದ ‘ಏನಲೇ, ಬಾಲ ಮುದುರಿಕೊಂಡಿದ್ದೀ ತಾನೆ?’ ಎನ್ನಿಸಿಕೊಳ್ಳಬೇಕು. ಅದೇ ಊರಿನ ಶಾಂತಿ ಸಭೆಯಲ್ಲಿ ವೇದಿಕೆಯ ಮೇಲೆ ಶಾಲು ಹೊದ್ದು ಕೂರುತ್ತಿದ್ದವನು ಲಾರಿ ಮಾಲೀಕ. ಕಾಕಾ ಮಾತ್ರ ನಗಿಸುತ್ತಿದ್ದ. “ನಾ ಸರ್ಕಾರಿ ರೌಡಿ ಅದೀನಿ ಯವ್ವಾ. ಡ್ಯೂಟಿ ಅದ, ಪಗಾರ ಒಂದ್ ಇಲ್ಲ.” ನಾವೂ ನಗುತ್ತಿದ್ದೆವು. ಅವನು ನಗುತ್ತಿದ್ದದ್ದು ನಾವು ಅಳಬಾರದೆಂದು.

ಆ ನಗು ನಿಂತದ್ದು ಅವನ ಮಗಳು ಭಾಗಮ್ಮನ ನಿಶ್ಚಯದ ದಿನ. ಗಂಡಿನವರು ಜೇವರ್ಗಿ ಕಡೆಯ ಇಜೇರಿಯವರು. ಹೋಳಿಗೆ ಬಡಿಸಿಯಾಗಿತ್ತು, ತುಪ್ಪ ಇನ್ನೇನು ಬರಬೇಕು, ಅಷ್ಟರಲ್ಲಿ ಅಂಗಳಕ್ಕೆ ಪೊಲೀಸ್ ಜೀಪು ಬಂತು. ಚುನಾವಣೆ ಘೋಷಣೆಯಾಗಿದೆ, ಪಟ್ಟಿಯಲ್ಲಿರುವವರೆಲ್ಲ ಠಾಣೆಗೆ ಬಂದು ಮುಚ್ಚಳಿಕೆ ಬರೆದುಕೊಡಬೇಕು.

“ಸಂಜಿಗಿ ಬರ್ತೇನ್ರಿ ಸಾಹೇಬ್ರ, ಮನಿಯಾಗ ಬೀಗರು ಉಣ್ಣಾಕತ್ಯಾರ,” ಎಂದ ಕಾಕಾ.

“ರೌಡಿಗೆಂಥ ಬೀಗರೋ, ಜೀಪು ಹತ್ತು,” ಎಂದರು.

ಊಟಕ್ಕೆ ಕೂತಿದ್ದ ಗಂಡಿನ ದೊಡ್ಡಪ್ಪ ಎಲೆ ಬಿಟ್ಟು ಎದ್ದರು. “ರೌಡಿ ಮನಿ ಅಂತ ನಮಗ ಯಾರೂ ಹೇಳಿದ್ದಿಲ್ರಿ,” ಅಂದದ್ದು ಇಷ್ಟೇ. ಉಳಿದವರೂ ಕೈ ತೊಳೆದರು. ಜೀಪು ಒಂದು ಕಡೆ ಹೋಯಿತು, ಬೀಗರ ಗಾಡಿ ಇನ್ನೊಂದು ಕಡೆ. ಭಾಗಮ್ಮ ಹಸಿರು ಸೀರೆಯಲ್ಲೇ ನಿಂತು ಎಲೆಗಳನ್ನು ಎತ್ತಿದಳು. ಎತ್ತಿ ಮುಗಿಸಿ ನನ್ನ ಹತ್ತಿರ ಬಂದಳು.

“ಅಕ್ಕಾ, ಅವರು ಹೋದ್ರ ಹೋಗ್ಲಿ. ಅಪ್ಪನ ಹೆಸರು ಹೆಂಗ ತೆಗಿಸೋದು, ಅದು ಹೇಳು.”

ನನಗೇನು ಗೊತ್ತು? ಕಾಲೇಜಿನಲ್ಲಿ ಪಾಠ ಹೇಳುವವಳು ನಾನು. ಒಂದು ಚಂದದ ಅರ್ಜಿ ಬರೆದರೆ ಸರ್ಕಾರ ನಾಚಿಕೊಳ್ಳುತ್ತದೆ ಎಂದು ನಂಬಿದ್ದೆ. ಬರೆದುಕೊಂಡು ಇಬ್ಬರೂ ಠಾಣೆಗೆ ಹೋದೆವು. ಅಲ್ಲಿದ್ದ ಪೇದೆ ಅರ್ಜಿ ಓದಲಿಲ್ಲ. “ಮೇಡಂ, ಈ ಪಟ್ಟಿಯಾಗ ಒಮ್ಮೆ ಹೆಸರು ಹೋದ್ರ, ಮನುಷ್ಯಾ ಸತ್ತ ಮ್ಯಾಲೇ ಹೊರಗ ಬರೋದ್ರಿ,” ಎಂದ. ಗದರಿಸಿ ಹೇಳಿದ್ದರೆ ಜಗಳ ತೆಗೆಯಬಹುದಿತ್ತು. ಪಾಪದವನು, ಚಹಾ ಕುಡೀತೀರೇನು ಎಂದು ಕೇಳಿ ಹೇಳಿದ. ಸಾವನ್ನು ಅಷ್ಟು ಸಹಜವಾಗಿ ಒಂದು ನಿಯಮ ಮಾಡಿಬಿಟ್ಟಿದ್ದರು.

ಆಗ ನೆನಪಾದವಳು ಸುಮಂಗಲಾ, ನನ್ನ ಕಾಲೇಜಿನ ಗೆಳತಿ, ಈಗ ಜೇವರ್ಗಿಯಲ್ಲಿ ವಕೀಲೆ. ಅವಳ ಕಚೇರಿ ಕಿರಾಣಿ ಅಂಗಡಿಯ ಮೇಲಿನ ಒಂದು ಕೋಣೆ. ಕೆಳಗಿನಿಂದ ಒಣಮೆಣಸಿನ ಘಾಟು ಬಂದು, ಹೋದವರೆಲ್ಲ ಕಣ್ಣೊರೆಸಿಕೊಳ್ಳುತ್ತಾರೆ. ಕಾಕಾನನ್ನು ಕೂರಿಸಿ ಅವಳು ಎಲ್ಲ ಕೇಳಿದಳು. ಬೇರೆ ಜಗಳ? ಬೇರೆ ಕೇಸು? ಕಾಕಾ ಬಹಳ ಯೋಚನೆ ಮಾಡಿ, “ಒಮ್ಮೆ ಬಾಜೂಕಿನ ಹೊಲದವನ ಎಮ್ಮಿಗಿ ಬೈದೀನ್ರಿ,” ಎಂದ. ಸುಮಂಗಲಾ ನಗಲಿಲ್ಲ.

“ಕಾಕಾ, ಖುಲಾಸೆ ಆದ ಮ್ಯಾಲ ನಿಮ್ಮ ಮ್ಯಾಲ ಒಂದೂ ಕೇಸಿಲ್ಲ. ಪಟ್ಟಿಯಾಗಿನ ಹೆಸರು ಆಗಾಗ ತಿರುಗಿ ನೋಡಬೇಕು, ಕಾರಣ ಇಲ್ಲಂದ್ರ ತೆಗೀಬೇಕು ಅಂತ ಅವರದೇ ನಿಯಮ ಅದ. ಒಬ್ಬರೂ ನೋಡಿಲ್ಲ. ನೀವು ಭಿಕ್ಷಾ ಬೇಡಾಕ ಬಂದಿಲ್ಲ, ತಿಳೀತಿಲ್ಲೋ?”

ಕಾಕಾ ಅಂದು ಮೊದಲ ಸಲ ಅತ್ತ. ಮೆಣಸಿನ ಘಾಟು ಎಂದು ನಾವೂ ಕಣ್ಣೊರೆಸಿಕೊಂಡೆವು.

ಜಿಲ್ಲೆಯ ದೊಡ್ಡ ಪೊಲೀಸ್ ಸಾಹೇಬರಿಗೆ ಬರೆದದ್ದಕ್ಕೆ ಉತ್ತರ ಬರಲಿಲ್ಲ. ಸುಮಂಗಲಾ ಕಲಬುರಗಿಯ ಹೈಕೋರ್ಟು ಪೀಠಕ್ಕೆ ಹೋದಳು. ಇವರನ್ನು ಇನ್ನೂ ಪಟ್ಟಿಯಲ್ಲಿ ಇಟ್ಟಿರುವುದೇಕೆ ಎಂದು ನ್ಯಾಯಮೂರ್ತಿಗಳು ಕೇಳಿದಾಗ ಸರ್ಕಾರದ ವಕೀಲರು ಸಮಯ ಬೇಡಿದರು. ಮುಂದಿನ ತಾರೀಖಿಗೂ ಬೇಡಿದರು. ಆಮೇಲೆ ಒಂದು ದಿನ ‘ಮುನ್ನೆಚ್ಚರಿಕೆಗಾಗಿ’ ಎಂದರು. ಒಬ್ಬ ಮನುಷ್ಯನ ಅರ್ಧ ಆಯುಷ್ಯವನ್ನು ತಿಂದದ್ದಕ್ಕೆ ಅವರ ಬಳಿ ಇದ್ದ ಕಾರಣ ಆ ಒಂದೇ ಮಾತು! ಹೆಸರು ತೆಗೆಯಿರಿ ಎಂದು ಆದೇಶವಾಯಿತು. ಕೋರ್ಟಿನ ಮೆಟ್ಟಿಲ ಮೇಲೆ ಭಾಗಮ್ಮ ಅಪ್ಪನ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತಳು.

ಠಾಣೆಯಿಂದ ಕಾಗದ ತರಲು ಕಾಕಾನ ಜೊತೆ ನಾನೂ ಹೋದೆ. ಸಾಹೇಬರು ಅದನ್ನು ಬಹುಮಾನದಂತೆ ಎರಡೂ ಕೈಯಲ್ಲಿ ಕೊಟ್ಟು, “ಇನ್ನು ಮುಂದೆ ಒಳ್ಳೆಯ ರೀತಿ ನಡೆದುಕೊಳ್ಳಿ,” ಎಂದು ಉಪದೇಶ ಮಾಡಿದರು. ನಾನು ಬಾಯಿ ತೆರೆದೆ. ಕಾಕಾ ನನ್ನ ಮುಂಗೈ ಹಿಡಿದು ಹೊರಗೆ ಎಳೆದುಕೊಂಡು ಬಂದ. ಒಬ್ಬರೂ, ಒಬ್ಬರೆಂದರೆ ಒಬ್ಬರೂ, ತಪ್ಪಾಯಿತು ಅನ್ನಲಿಲ್ಲ. ಊರಿಗೆ ಬಂದರೆ ಜನ ‘ಪುಣ್ಯ ಮಾಡಿದ್ದಿ’ ಎಂದರು. ಕಸಿದುಕೊಂಡ ಮಾನವನ್ನು ತಿರುಗಿ ಕೊಟ್ಟರೆ ಅದು ಪುಣ್ಯವಂತೆ.

ತಿಂಗಳೊಳಗೆ ಇಜೇರಿಯವರು ಮಧ್ಯಸ್ಥನನ್ನು ಕಳಿಸಿದರು. ‘ಈಗ ಎಲ್ಲಾ ಸಾಫ್ ಆತಲ್ಲ, ಮಾತು ಮುಂದುವರಿಸೂನು.’ ಚಿಗವ್ವ ಆಸೆಯಿಂದ ಮಗಳ ಮುಖ ನೋಡಿದಳು. ಭಾಗಮ್ಮ ಬಂದವರಿಗೆ ನೀರು ಕೊಟ್ಟಳು, ಚಹಾ ಕೊಟ್ಟಳು, ಆಮೇಲೆ ಹೇಳಿದಳು:

“ಅಪ್ಪನ ಹೆಸರು ತೆಗಿಸಾಕ ಹೈಕೋರ್ಟ್ ಬೇಕಾತ್ರಿ ಯಜಮಾನ್ರ. ಅವರ ಹೆಸರು ತೆಗಿಯಾಕ ನನಗ ಯಾರೂ ಬೇಕಿಲ್ಲ. ಹೇಳಿಬಿಡ್ರಿ.”

ಅಲ್ಲಿಗೆ ಕಥೆ ಮುಗಿಯಿತು, ನಾನು ಪಾಠಕ್ಕೆ ಮರಳಬಹುದು ಎಂದುಕೊಂಡಿದ್ದೆ. ಪೆನ್ನು ಕೊಳ್ಳದೆ ಮನೆಗೆ ಬಂದ ಆ ಸಂಜೆ ಕಾಕಾನಿಗೆ ಫೋನು ಹಚ್ಚಿದೆ. ಅವನು ಗಾಳಿಯಲ್ಲಿ, ಬಯಲಲ್ಲಿ ನಿಂತು ಮಾತಾಡುತ್ತಿದ್ದ. ಹಬ್ಬದ ಮುಂಚಿನ ಪರೇಡು ಅಂದೇ ನಡೆದಿತ್ತಂತೆ. ಕರೆಯದಿದ್ದರೂ ಹೋಗಿ ಬೇಲಿಯಾಚೆ ನಿಂತು ನೋಡಿದನಂತೆ. ಸಾಲಿನಲ್ಲಿ ಇಬ್ಬರು ಗುರುತಿನವರು ಕಂಡರಂತೆ. ಒಬ್ಬ ಕೂಲಿ ಹೆಚ್ಚಿಸಿ ಎಂದು ಧರಣಿ ಕೂತವನು, ಇನ್ನೊಬ್ಬನಿಗೆ ತನ್ನ ಹೆಸರು ಅಲ್ಲಿ ಯಾಕಿದೆ ಎಂದೇ ಗೊತ್ತಿಲ್ಲ.

“ಸೋಮವಾರ ಇಬ್ಬರನ್ನೂ ಜೇವರ್ಗಿಗಿ ಕರಕೊಂಡ್ ಬರ್ತೇನಿ. ಸುಮಂಗಲಾಗ ಹೇಳಿಡು.”

“ಕಾಕಾ, ನಿನಗಿನ್ನೂ ಸಿಟ್ಟು ಇಳಿದಿಲ್ಲೇನು?” ಎಂದೆ.

“ಸಿಟ್ಟು ಯಾಕ ಇಳೀಬೇಕು ಯವ್ವಾ? ಅವರು ತೆಗದದ್ದು ಹೆಸರಷ್ಟೇ.”

ಸುಮಂಗಲಾಗೆ ಹೇಳಿದ್ದೇನೆ. ಸೋಮವಾರ ನಾನೂ ರಜೆ ಹಾಕಿದ್ದೇನೆ.